ಶುಂಠಿಯಣ್ಣ ಕುಡಿಸಿದ ಸೋರೆಕಾಯಿ ರಸ

ಕನ್ನಡಕ ಮಾರುತ್ತ, ಮಾರಿದ ಬಾಯಲ್ಲೇ "ಕ್ಯಾರೆಟ್ ತಿನ್ನಿ, ಇದರ ಅಗತ್ಯಾನೇ ಬೀಳಲ್ಲ" ಎಂದು ಗಿರಾಕಿಯನ್ನು ಗೊಂದಲಕ್ಕೆ ಕೆಡಹುವ ಇನ್ನೊಬ್ಬ ವ್ಯಾಪಾರಿಯನ್ನು ನಮ್ಮ ಬೀದಿ ಕಂಡಿಲ್ಲ. ನಮ್ಮ ಈ ಕನ್ನಡಕದಂಗಡಿಯವರ ಗಾಜಿನ ಕಪಾಟಿನಲ್ಲಿ ಫ್ರೇಮುಗಳ ಸಾಲಿನ ನಡುವೆಯೇ ಒಂದು ಜೇನಿನ ಬಾಟಲಿ, ಬೆಳ್ಳುಳ್ಳಿಯ ಬುಟ್ಟಿ, ಒಣಶುಂಠಿಯ ಡಬ್ಬಿ. ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡು ಬದಲಾಯಿಸಿಕೊಳ್ಳಲು ಹೋದವರು ತಮ್ಮ ಜೀರ್ಣಶಕ್ತಿಯ ವಿಚಾರವಾಗಿ ಒಂದು ಭಾಷಣ ಕೇಳಿಕೊಂಡೇ ಮೆಟ್ಟಿಲಿಳಿಯಬೇಕು. ಬೀದಿಯವರು ಅವರಿಗೆ ಶುಂಠಿಯಣ್ಣ ಎಂದು ಹೆಸರಿಟ್ಟರು. ಅವರು ಅದನ್ನು ಬಿರುದೆಂದೇ ತಿಳಿದರು.

"ಅಷ್ಟೊಂದು ಕ್ಯಾರೆಟ್ ತಿಂದೂ ನಿಮ್ಮ ಗ್ಲಾಸು ಸೋಡಾ ಬಾಟ್ಲಿ ತಳದ ಹಾಗೇ ಇದೆಯಲ್ಲಣ್ಣಾ?" ಎಂದು ಪಕ್ಕದಂಗಡಿಯ ದರ್ಜಿ ಕೆಣಕಿದರೆ, "ತಿನ್ನದೇ ಇದ್ದಿದ್ರೆ ನೀನು ಯಾರು ಅಂತಾನೇ ಕಾಣ್ತಿರ್ಲಿಲ್ಲ ಕಣಯ್ಯಾ" ಎನ್ನುವರು. ಇಂಥ ವಾದವನ್ನು ಸೋಲಿಸಲು ಯಾವ ವಕೀಲನಿಂದಲೂ ಆಗದು.

ಈ ಠೀವಿಯ ಒಳಗೆ ಇದ್ದದ್ದು ಮಾತ್ರ ಬರೀ ಭಯ. ಅವರ ಅಪ್ಪ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು, "ಸ್ವಲ್ಪ ಉಪ್ಪು ಕೊಡೋ" ಎಂದು ಕೈ ಚಾಚಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ಉಪ್ಪು ಹಿಡಿದು ನಿಂತಿದ್ದ ಮಗನಿಗೆ ಆಗಿನ್ನೂ ಮೀಸೆ ಮೂಡಿರಲಿಲ್ಲ. ಅಂದಿನಿಂದ ಸಾವು ಊಟದ ತಟ್ಟೆಯಲ್ಲೇ ಎಲ್ಲೋ ಕುಳಿತಿರುತ್ತದೆ ಎಂಬ ಗುಮಾನಿ ಅವರನ್ನು ಬಿಡಲಿಲ್ಲ. ಅದನ್ನು ಹೊರಗಟ್ಟಲು ಸೊಪ್ಪು, ಜೀರಿಗೆ ನೀರು, ನಿಂಬೆರಸಗಳನ್ನು ಕಾವಲು ನಿಲ್ಲಿಸಿದರು. ಬೆಳಗಾದರೆ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುವರು. ಮದುವೆಯಾದ ಮೇಲೆ ಕಾಯಬೇಕಾದ ನಾಲಿಗೆಗಳು ಎರಡಾದವು.

"ಬೇರೆಯವರ ಗಂಡಂದಿರು ನಾಲಿಗೆ ಒಳಗಿಟ್ಕೋ ಅಂತ ಬೈತಾರಂತೆ. ನಮ್ಮನೆಯವರು ದಿನಾ ಹೊರಗೆ ಚಾಚು ಅಂತಾರೆ" ಎಂದು ಅವರ ಹೆಂಡತಿ ಅಕ್ಕಪಕ್ಕದಲ್ಲಿ ಹೇಳಿ ನಗಿಸುತ್ತಿದ್ದರು.

ಆ ಅಕ್ಕನನ್ನು ಕಂಡರೆ ಎಲ್ಲರಿಗೂ ಇಷ್ಟ. ಮುಂಜಾನೆ ಗಂಡ ಹಿಂಡಿಕೊಡುವ ಹಸಿ ಸೋರೆಕಾಯಿ ರಸವನ್ನು ಅವರು ಕೈಗೇನೋ ತೆಗೆದುಕೊಳ್ಳುವರು. ಗಂಡ ಸ್ನಾನಕ್ಕೆ ಹೋದ ಕೂಡಲೇ ಅದು ಕಿಟಕಿಯ ಕುಂಡದ ಪಾಲು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಖಾಲಿ ಡಬ್ಬಿಯೆಂದು ನಂಬಿಸಿದ್ದ ಒಂದು ಡಬ್ಬಿಯ ತುಂಬ ಬಿಸ್ಕತ್ತು. ಹೀಗೆ ಆ ಸಂಸಾರ ಸುಖವಾಗಿಯೇ ನಡೆದಿತ್ತು.

ಒಂದು ದಿನ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಹಾಗಾಗಿ ಶುಂಠಿಯಣ್ಣ ಸ್ನಾನಕ್ಕೆ ಹೋಗಲಿಲ್ಲ, ಹೆಂಡತಿಯ ಲೋಟ ಕುಂಡದ ಮೇಲೆ ಬಾಗುವುದನ್ನು ಕಣ್ಣಾರೆ ಕಂಡರು.

"ಓಹೋ! ಇಷ್ಟು ದಿನ ಆರೋಗ್ಯ ಆ ಗಿಡಕ್ಕೆ ಹೋಗ್ತಿತ್ತಾ?"

"ರೀ, ಇವತ್ತು ನಿಜವಾಗ್ಲೂ ಕಹಿ ಇದೆ. ನಾಲಿಗೆ ಮೇಲೆ ಇಟ್ರೆ ಮೈ ಜುಂ ಅನ್ನತ್ತೆ."

ಶುಂಠಿಯಣ್ಣ ತಮ್ಮ ಲೋಟದಿಂದ ಒಂದು ಗುಟುಕು ಕುಡಿದರು. ಮುಖ ಕಿವುಚಿದರು. ಆದರೆ ಕಹಿಯನ್ನು ಕಂಡರೆ ಅವರಿಗೆ ಹಿರಿಯರನ್ನು ಕಂಡಷ್ಟು ಗೌರವ. ಬೇವು ಕಹಿ, ಹಾಗಲ ಕಹಿ, ಮಾತ್ರೆಯೂ ಕಹಿಯೇ.

"ಕಹಿ ಇದ್ರೇನೇ ಔಷಧಿ. ರೋಗಕ್ಕೆ ಭಯ ಹುಟ್ಟಬೇಡವೇನೇ? ಮೂಗು ಮುಚ್ಕೊಂಡು ಕುಡಿ. ನೀನು ಮುಗಿಸೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ."

ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕುಡಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಿರಾಕಿಯೊಬ್ಬರು ಕನ್ನಡಕದ ಮೇಲೆ ಕೂತುಬಿಟ್ಟಿದ್ದರಂತೆ. ಅವರ ಗೋಳು ಕೇಳುತ್ತ ನಿಂತ ಶುಂಠಿಯಣ್ಣನ ಲೋಟ ಮೇಜಿನ ಮೇಲೆಯೇ ಉಳಿಯಿತು.

ಫೋನು ಇಡುವ ಹೊತ್ತಿಗೆ ಬಚ್ಚಲಿನಿಂದ ವಾಂತಿಯ ಸದ್ದು.

ಮೊದಲು ಅವರು ಹೆದರಲಿಲ್ಲ. "ಪಿತ್ತ, ಹೋಗ್ಲಿ ಬಿಡು" ಎಂದು ಬೆನ್ನು ಸವರಿ, ಶುಂಠಿಗೆ ಜೇನು ಬೆರೆಸಿ ನೆಕ್ಕಿಸಿದರು. ಅದು ಬಂದ ದಾರಿಯಲ್ಲೇ ಹಿಂದಿರುಗಿತು. ನಿಂಬೆನೀರು ಕೊಟ್ಟರು. ಅದೂ ನಿಲ್ಲಲಿಲ್ಲ. ಅಕ್ಕ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಮುದುಡಿ ಮಲಗಿದರು. ಮತ್ತೆ ವಾಂತಿಯಾದಾಗ ಅದರಲ್ಲಿ ಕೆಂಪು ಎಳೆಯೊಂದು ಕಂಡಿತು. ಶುಂಠಿಯಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಎಳೆ ಕೆಂಪಾಗಿಯೇ ಇತ್ತು.

ಆಟೋದಲ್ಲಿ ಅಕ್ಕನ ತಲೆ ಅವರ ಭುಜದ ಮೇಲೆ ಉರುಳಾಡುತ್ತಿತ್ತು. ಬೀದಿಯಲ್ಲಿ ಕಂಡಕಂಡವರ ಕೈ ಹಿಡಿದು ನಾಡಿ ನೋಡಿದ ಮನುಷ್ಯನಿಗೆ ಈಗ ಹೆಂಡತಿಯ ನಾಡಿ ಸಿಗಲಿಲ್ಲ. ಹೊಡೆದುಕೊಳ್ಳುತ್ತಿದ್ದುದು ಅವಳ ಮಣಿಕಟ್ಟೋ ತಮ್ಮ ಹೆಬ್ಬೆರಳೋ ತಿಳಿಯದೆ ಹಿಡಿತ ಬದಲಿಸುತ್ತ, "ಏ, ಮಾತಾಡೇ. ಏನಾದ್ರೂ ಬೈಯೇ" ಎಂದು ಗೋಗರೆದರು. ಮಾತಿಗೆ ಮಾತು ಕೊಡದೆ ಬಿಡದ ಹೆಂಗಸು ಸುಮ್ಮನಿದ್ದಳು. ಅವರಿಗೆ ರಕ್ತಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

ಆಸ್ಪತ್ರೆಯಲ್ಲಿ ಯುವ ಡಾಕ್ಟರಮ್ಮ ಅಕ್ಕನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತಲೇ ಕೇಳಿದರು: "ಬೆಳಿಗ್ಗೆಯಿಂದ ಏನು ತಿಂದಿದ್ದಾರೆ?"

ಶುಂಠಿಯಣ್ಣ ಮಂಚದ ಹತ್ತಿರಕ್ಕೆ ಸರಿದರು. ಆ ಗಳಿಗೆಯಲ್ಲೂ ಮನುಷ್ಯನ ಹಮ್ಮು ಎಲ್ಲಿ ಅಡಗಿ ಕೂತಿರುತ್ತದೋ ನೋಡಿ. "ಬಿಸ್ಕತ್ತು ತಿಂದಿರ್ತಾಳೆ ಡಾಕ್ಟ್ರೇ. ಕದ್ದು ತಿಂತಾಳೆ, ನಂಗೊತ್ತು. ಬರೀ ಮೈದಾ."

"ಬಿಸ್ಕತ್ತಿಗೆ ಹೀಗಾಗಲ್ಲ. ಬಿಪಿ ಬೀಳ್ತಾ ಇದೆ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಮಾತ್ರೆ? ಸೊಪ್ಪು? ರಸ?"

ಅಕ್ಕ ಕಣ್ಣು ತೆರೆದು ಗಂಡನನ್ನೇ ನೋಡಿದರು. ದೂರಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಆ ನೋಟದ ಮುಂದೆ ಶುಂಠಿಯಣ್ಣನ ಗಂಟಲು ಬಿಚ್ಚಿತು.

"ಸೋರೆಕಾಯಿ ರಸ. ನಾನೇ ಕುಡಿಸಿದೆ."

"ಕಹಿ ಇತ್ತಾ?"

"ಇತ್ತು. ಕಹಿ ಇದ್ರೆ ಒಳ್ಳೇದು ಅಂತ..."

ಡಾಕ್ಟರಮ್ಮ ಅವರ ಮಾತು ಮುಗಿಯುವ ಮೊದಲೇ ನರ್ಸಿನ ಕಡೆ ತಿರುಗಿ ಏನೇನೋ ಹೇಳಿದರು. ಎರಡು ಕೈಗೂ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಆಮೇಲೆ ಇವರಿಗೆ ಹೇಳಿದರು: "ಹಾಗಲಕಾಯಿ ಹುಟ್ಟುಗುಣವೇ ಕಹಿ. ಸೋರೆಕಾಯಿ ಹಾಗಲ್ಲ. ಅದು ಕಹಿಯಾಯ್ತು ಅಂದ್ರೆ ಒಳಗೆ ವಿಷ ಸೇರಿದೆ ಅಂತ. ನಾಲಿಗೆ ಬೇಡ ಅಂದಾಗ ಉಗುಳ್ಬೇಕು. ನೀವೂ ಕುಡಿದ್ರಾ?"

"ಒಂದೇ ಗುಟುಕು."

"ಹೊಟ್ಟೆನೋವು ಬಂದ್ರೆ ತಕ್ಷಣ ಹೇಳಿ."

"ಅವಳು ಉಳೀತಾಳಾ?"

"ಇದಕ್ಕೆ ಅಂತ ಪ್ರತಿಮದ್ದು ಇಲ್ಲ. ಬಿಪಿ ಏರಿಸ್ತಾ, ರಕ್ತ ನಿಲ್ಲಿಸ್ತಾ ಕಾಯ್ಬೇಕು. ಹೊರಗಿರಿ."

ಮದ್ದಿಲ್ಲ ಎಂಬ ಮಾತನ್ನು ಶುಂಠಿಯಣ್ಣ ಹುಟ್ಟಿದಾಗಿನಿಂದ ಒಪ್ಪಿದವರಲ್ಲ. ಈಗ ಆ ಮಾತನ್ನು ಮಡಿಲಲ್ಲಿಟ್ಟುಕೊಂಡು ಕಾರಿಡಾರಿನ ಬೆಂಚಿನ ತುದಿಯಲ್ಲಿ ಕುಳಿತರು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವರು, ಮುಚ್ಚಿದಾಗ ಕೂರುವರು. ಪಕ್ಕದಲ್ಲಿದ್ದ ಮುದುಕರೊಬ್ಬರು ಕೆಮ್ಮುತ್ತ ಅವರನ್ನು ಗುರುತು ಹಿಡಿದರು.

"ಕನ್ನಡಕದಂಗಡಿಯವರಲ್ವಾ? ಅವತ್ತು ಕೆಮ್ಮಿಗೆ ಏನೋ ಹೇಳಿದ್ರಿ. ಮೆಣಸು ಎಷ್ಟು ಹಾಕ್ಬೇಕು, ಮರೆತುಹೋಯ್ತು."

ಶುಂಠಿಯಣ್ಣ ಗಾಬರಿಯಿಂದ ಮುದುಕರ ಕೈ ಹಿಡಿದರು. "ಕುಡಿದ್ರಾ ಅದನ್ನ? ಏನೂ ಆಗ್ಲಿಲ್ಲ ತಾನೆ?"

"ಹಿತವಾಗಿತ್ತಪ್ಪಾ. ಅದಕ್ಕೇ ಕೇಳಿದ್ದು."

"ಇಷ್ಟು ದಿನ ಕೆಮ್ಮು ಇದೆ ಅಂದ್ರೆ ಡಾಕ್ಟ್ರಿಗೆ ತೋರಿಸಿ ಯಜಮಾನ್ರೇ. ನನ್ನನ್ನ ಏನೂ ಕೇಳ್ಬೇಡಿ."

ಮುದುಕರು ಬೆರಗಾಗಿ ಅತ್ತ ಸರಿದು ಕುಳಿತರು. ಶುಂಠಿಯಣ್ಣನಿಗೋ ಅಂಗಡಿಯ ಮೆಟ್ಟಿಲಿಳಿದುಹೋದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬರತೊಡಗಿತು. ಯಾರಿಗೆ ಏನು ಹೇಳಿದ್ದೆ? ಯಾರು ಏನು ಕುಡಿದರು? ಬೆವರಿನಿಂದ ಕನ್ನಡಕ ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು.

ದರ್ಜಿ ಸುದ್ದಿ ತಿಳಿದು ಅಂಗಡಿ ಮುಚ್ಚಿ ಓಡಿಬಂದ. ಕೆಣಕುವ ಮಾತೊಂದು ಅಭ್ಯಾಸದಂತೆ ಬಾಯಿಗೆ ಬಂದಿರಬೇಕು. ಬೆಂಚಿನ ಮೇಲೆ ಕುಗ್ಗಿ ಕುಳಿತಿದ್ದವರನ್ನು ನೋಡಿ ಅದನ್ನು ನುಂಗಿಕೊಂಡ. "ನಾನಿದೀನಿ ಕಣಣ್ಣಾ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕುಳಿತ. ಅವನು ಕೆಣಕದೇ ಇದ್ದದ್ದನ್ನು ಕಂಡು ಶುಂಠಿಯಣ್ಣನಿಗೆ ಇನ್ನಷ್ಟು ಭಯವಾಯಿತು.

ಸಂಜೆಯ ಹೊತ್ತಿಗೆ ಬಿಪಿ ನಿಧಾನವಾಗಿ ಮೇಲೇರಿತು. ವಾಂತಿ ನಿಂತಿತು. "ಗಂಡಾಂತರ ಪೂರ್ತಿ ಕಳೀತು ಅಂತ ನಾಳೆವರೆಗೂ ಹೇಳಲಾರೆ" ಎಂದು ಡಾಕ್ಟರಮ್ಮ ಒಳಗೆ ಬಿಟ್ಟರು. ಅಕ್ಕನ ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ರೀ, ನೀರು."

ಮಂಚದ ಪಕ್ಕದ ಹೂಜಿಯಲ್ಲಿ ನೀರಿತ್ತು, ಲೋಟವೂ ಇತ್ತು. ಉಗುರುಬೆಚ್ಚಗೆ ಕುಡಿಯಬೇಕೋ ತಣ್ಣಗೋ, ಕೂತು ಕುಡಿಯಬೇಕೋ ನಿಂತೋ ಎಂದು ಊರಿಗೆಲ್ಲ ಪಾಠ ಹೇಳಿದ್ದ ಮನುಷ್ಯ ಹೂಜಿಗೆ ಕೈ ಹಾಕಲಾರದೆ ನರ್ಸಿನ ಮೇಜಿನವರೆಗೂ ಓಡಿದರು.

"ಸಿಸ್ಟರ್, ಅವಳಿಗೆ... ನೀರು ಕೊಡಬಹುದಾ?"

"ಚಮಚದಲ್ಲಿ. ಒಂದೊಂದೇ. ಅದು ನಿಂತ್ರೆ ಇನ್ನೊಂದು."

ಶುಂಠಿಯಣ್ಣ ಲೋಟಕ್ಕೆ ನೀರು ಬಗ್ಗಿಸಿ ಚಮಚ ತುಂಬಿದರು. ಕೈ ಎಷ್ಟು ನಡುಗಿತೆಂದರೆ ಅರ್ಧ ನೀರು ಅಕ್ಕನ ಕುತ್ತಿಗೆಗೆ ಇಳಿಯಿತು.

"ಕುಡಿಸ್ತೀರೋ, ಸ್ನಾನ ಮಾಡಿಸ್ತೀರೋ?" ಧ್ವನಿ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣದಿತ್ತು.

ಅವರು ಅಂಗಿಯ ತುದಿಯಿಂದ ಅಕ್ಕನ ಕುತ್ತಿಗೆ ಒರೆಸಿದರು. ನೀರು ಗಂಟಲಿಳಿಯುವುದನ್ನು ನೋಡಿದರು. ಉಸಿರು ಬಿಗಿಹಿಡಿದು, ಅದು ಹಿಂದಿರುಗುತ್ತದೋ ಏನೋ ಎಂದು ಕಾದರು. ಹಿಂದಿರುಗಲಿಲ್ಲ. ಚಮಚವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೊಮ್ಮೆ ತುಂಬಿದರು.