ವೈನಿಯ ರೊಟ್ಟಿಗೆ ಹತ್ತಿದ ಸಾಬೂನಿನ ವಾಸನೆ

ವೈನಿಯ ರೊಟ್ಟಿಗೆ ಸಾಬೂನಿನ ವಾಸನೆ ಹತ್ತಿದ್ದು ನನ್ನಿಂದ. ಅವರ ಕೈಯದೇನೂ ತಪ್ಪಿರಲಿಲ್ಲ. ಪುಣೆಯ ಬಿಬವೇವಾಡಿಯ ನಮ್ಮ ಕನ್ನಡ ಮಂದಿಗೆ ಇದನ್ನು ಇಷ್ಟು ವರ್ಷ ಹೇಳದೆ ಮುಚ್ಚಿಟ್ಟವನೂ ನಾನೇ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಸುಮಿತ್ರಾ. ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದವರು. ಜೋಳದ ಹಿಟ್ಟಿನ ಉಂಡೆ ಮುಂದಿಟ್ಟು ಬಡಿಯತೊಡಗಿದರೆ, ಅಂಚು ಎಲ್ಲಿಯೂ ಹರಿಯದೆ ರೊಟ್ಟಿ ತೆಳ್ಳಗೆ ಹರಡುತ್ತಿತ್ತು. ಪಕ್ಕದ ಮರಾಠಿ ಹೆಂಗಸರು ಹಾಗೆ ಬಡಿಯಲು ಕಲಿಯುತ್ತೇವೆಂದು ಬಂದು, ಕಲಿಯದೆ, ತಿಂದು ಹೋಗುತ್ತಿದ್ದರು. ಶ್ರಾವಣದಲ್ಲಿ ನಮ್ಮ ಕನ್ನಡ ಮಂಡಳಿಯ ಊಟವಿದ್ದರೆ ರೊಟ್ಟಿ ವೈನಿಯದೇ. ಅವರ ಮೈದುನ ನಾನು ಎಂದು ಹೇಳಿಕೊಳ್ಳುವುದೇ ಒಂದು ಗತ್ತು. ಈಗಲೂ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸಾಬೂನಿನ ಏಜೆನ್ಸಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕೈ ತೊಳೆಯುವ, ಜಂತು ಅಂದರೆ ರೋಗಾಣು ಕೊಲ್ಲುವ ಸಾಬೂನು, ಪಂಪು ಒತ್ತಿದರೆ ಬರುವಂಥದ್ದು. ಪಕ್ಕದ ಕೊಂಢವಾ ಬಡಾವಣೆಯ ಅಂಗಡಿಯವರು ನನ್ನನ್ನು ‘ಡಾಕ್ಟರ್’ ಎಂದು ಚುಡಾಯಿಸುತ್ತಿದ್ದರು. ನಾನು ಅದನ್ನು ನಿಜವೆಂದೇ ನಂಬಿದ್ದೆ.

ಮಂಡಳಿಯ ಊಟದ ಬೆಳಿಗ್ಗೆ ಹಿಟ್ಟು ನಾದುವ ಮೊದಲೇ ಬಾಟಲಿ ತಂದು ಎದುರಿಗಿಟ್ಟೆ.

“ವೈನಿ, ಇದರ್ಲೆ ಕೈ ತೊಳಕೋರಿ. ಜಂತು ಎಲ್ಲಾ ಸಾಯ್ತಾವ.”

“ನನ್ನ ಕೈಯಾಗ ಜಂತು ಅದಾವೇನೋ? ಇಷ್ಟ ದಿನ ಅದನ್ನ ತಿಂದು ದುಂಡಗ ಆಗೀಯಲ್ಲ.”

ನಗುತ್ತಲೇ ನೊರೆ ಮಾಡಿಕೊಂಡರು. ನಲ್ಲಿಯ ಕಡೆ ಹೊರಟಾಗ ತಡೆದವನು ನಾನು.

“ನೀರು ಹಾಕಬ್ಯಾಡ್ರಿ, ಔಷಧ ಅದು. ಮುಲಾಮು ಹಚ್ಚಿ ಯಾರರ ತೊಳೀತಾರೇನು? ಅರಿವಿಗೆ ಒರಸ್ಕೋರಿ. ಕೈಮ್ಯಾಲೆ ಇರ್ಲಿ.”

“ಜಾರ್ಲಿಕ್ಕತ್ತದಲ್ಲೋ.”

“ಇರ್ಲಿ ಬಿಡ್ರಿ.”

ಕಲಿತವನು ಹೇಳಿದ ಎಂದು ನಂಬಿದರು. ನಡುನಡುವೆ ಎದ್ದಾಗಲೆಲ್ಲ ಮತ್ತೆ ಹಾಗೆಯೇ ಮಾಡಿ ಬಂದು ರೊಟ್ಟಿ ಬಡಿಯಲು ಕೂತರು.

ಪಂಕ್ತಿಯಲ್ಲಿ ಮೊದಲ ತುತ್ತು ಹಿರಿಯರಾದ ಪಾಟೀಲ ಕಾಕಾ ಅವರದು. ಅಗಿಯುವುದನ್ನು ನಿಲ್ಲಿಸಿದರು.

“ಏನವ್ವಾ, ರೊಟ್ಟಿಗೆ ಸೆಂಟ್ ಹೊಡದೀಯೇನು?”

ಎಲ್ಲರೂ ನಕ್ಕರು. ತಾವೂ ಕಚ್ಚಿ ನೋಡಿದರು — ಕಹಿ. ರೊಟ್ಟಿಗಳು ಎಲೆಯ ಅಂಚಿಗೆ ಸರಿದವು. ವೈನಿ ಒಮ್ಮೆ ನನ್ನತ್ತ ನೋಡಿದರು. ತಪ್ಪು ನನ್ನದೆಂಬ ಒಂದೇ ಒಂದು ಮಾತು ಸಾಕಿತ್ತು. ಆದರೆ ಅದೇ ಮಂದಿಯ ಮುಂದೆ ಆಗಷ್ಟೇ ನನ್ನ ಸಾಬೂನನ್ನು ಹೊಗಳಿ ಬಂದಿದ್ದೆ. ನಾನು ಅಂದದ್ದು ಇದು:

“ಚಂದಾಗಿ ತೊಳಕೋರಿ ಅಂತ ಹೇಳಿದ್ದೆ ಕಾಕಾ. ಹಳ್ಳಿ ಮಂದಿಗೆ ಇದೆಲ್ಲಾ ತಿಳಿಯೂದಿಲ್ಲ.”

“ತಪ್ಪಾತ್ರಿ,” ಎಂದರು ವೈನಿ. ನನಗಲ್ಲ, ಪಂಕ್ತಿಗೆ.

ಮರುದಿನ ಬಾಟಲಿಯ ಹಿಂಬದಿಯನ್ನು ಓದಿದೆ — ಮಾರುವವನು ಮೊದಲ ಸಲ ಓದಿದ್ದು. ನೊರೆ ಬರಿಸಿ ಉಜ್ಜಿ, ನೀರಿನಿಂದ ಪೂರ್ತಿ ತೊಳೆಯಿರಿ ಎಂದಿತ್ತು. ಕೊಳೆ, ಜಂತು ಹೋಗುವುದು ಉಜ್ಜಿ ನೀರು ಹರಿಸಿದಾಗ. ಸಾಬೂನು ಮೈಗಂಟಿ ಕೂತರೆ ಚರ್ಮವೇ ಸುಲಿಯುತ್ತದೆ. ವೈನಿಯ ಬೆರಳ ಸಂದುಗಳು ಕೆಂಪಾಗಿ ಬಿರಿದಿದ್ದವು. ಮನೆಯ ಮಾಮೂಲಿ ಸಾಬೂನೇ ಸಾಕಿತ್ತು ಅವರಿಗೆ. ಓದಿದೆ, ಅವರ ಕೈ ನೋಡಿದೆ, ಆದರೂ ಬಾಯಿ ಬಿಡಲಿಲ್ಲ.

ಮಂಡಳಿಯ ಊಟಕ್ಕೆ ಅವರು ಮತ್ತೆ ರೊಟ್ಟಿ ಬಡಿಯಲಿಲ್ಲ. ಮಂಡಳಿಯವರೂ ಕರೆಯಲಿಲ್ಲ, ಹೊರಗಿನಿಂದ ತರಿಸತೊಡಗಿದರು — ದಪ್ಪ, ಅಂಚು ಹರಿದವು. ಮನೆಯಲ್ಲಿ ಮಾತ್ರ ವೈನಿಯ ಕೈ ನಿಲ್ಲಲಿಲ್ಲ. ನನ್ನ ಮಕ್ಕಳು ಆ ರೊಟ್ಟಿ ತಿಂದೇ ಬೆಳೆದರು. ಪುಣೆಯಲ್ಲಿ ಅಂಥ ಕೈ ಇನ್ನೊಂದಿಲ್ಲ. ಎದೆಯುಬ್ಬಿಸಿ ಹೇಳುತ್ತೇನೆ.

ಈ ಶ್ರಾವಣದ ಊಟದಲ್ಲಿ ಪಂಕ್ತಿಯ ಮುಂದೆ ನಿಂತು, ವೈನಿ ಕೇಳುವಂತೆ, ಇಷ್ಟನ್ನೂ ಹೇಳುತ್ತೇನೆ. ಆಮೇಲೆ ಅವರು ರೊಟ್ಟಿ ಬಡಿಯುವುದು ಬಿಡುವುದು ಅವರ ಮರ್ಜಿ. ಬಡಿಯಲು ಕೂತರೆ, ತಂಬಿಗೆ ಹಿಡಿದು ಅವರ ಕೈಗೆ ನೀರು ಹಾಕುವವನು ನಾನು. ನೊರೆ ಪೂರ್ತಿ ಹೋಗುವವರೆಗೆ.