ಶಾಫ್ಟಿನ ಮೇಲೆ ಎರಡು ಗುರುತು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಗ್ರೀಸು ಒರೆಸಿದಾಗ ಏಳುವ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಹೋದ ತಿಂಗಳು ತಿಕೋಟಾದ ನಮ್ಮ ಹೊಲದ ಒಣದ್ರಾಕ್ಷಿ ಶೆಡ್ಡಿನಲ್ಲಿ, ವರ್ಷಗಟ್ಟಲೆ ನಿಂತೇ ಇದ್ದ ಜೀಪಿನ ಕೆಳಗೆ ಮಲಗಿ ಒರೆಸುತ್ತಿದ್ದೆ. ಬಬಲೇಶ್ವರದಿಂದ ಗಿರಾಕಿಯೊಬ್ಬ ಬಂದು ನೋಡಿ ಹೋಗಿದ್ದ. ಸುತ್ತ ಒಂದು ಸುತ್ತು ಹಾಕಿ, ಎತ್ತರ ಅಳೆದು, ನಗುತ್ತ ಕೇಳಿದ್ದ.

“ಥರಥರಿ ಮಿಸ್ತ್ರಿ ಎತ್ತಿದ ಗಾಡಿ ಅಲ್ಲಲ್ರಿ ಸರ್ರ ಇದು? ಹಂಗಿದ್ರ ನನಗ ಬ್ಯಾಡ್ರಿ.”

“ಅವರೀಗ ಎಲ್ಲಿದ್ದಾರೆ?” ಎಂದೆ.

“ಅಂವಾ ಹೋದ ವರ್ಷ ತೀರಿಕೊಂಡಾನ್ರಿ.”

ಅವನು ಹೋದ ಮೇಲೆ ಸೀಮೆಎಣ್ಣೆ, ಬಟ್ಟೆ ತಗೊಂಡು ಕೆಳಗೆ ಮಲಗಿದೆ. ಗ್ರೀಸು, ಕರಿಮಣ್ಣು ಪದರುಪದರಾಗಿ ಬಿಟ್ಟುಬಂದು ಶಾಫ್ಟಿನ ಮೇಲೆ ಉಳಿಯ ಎರಡು ಗುರುತು ಕಂಡವು. ಒಂದರ ಎದುರಿಗೆ ಒಂದು ಇರಬೇಕಿತ್ತು. ಕಿರುಬೆರಳಿನಗಲ ದೂರದಲ್ಲಿದ್ದವು.

ಆ ಗುರುತು ಹೊಡೆದಾಗ ಉಳಿ ಹಿಡಿದ ಕೈ ನನ್ನದು.

ಆ ಮಿಸ್ತ್ರಿಯ ಶೆಡ್ಡು ತಿಕೋಟಾ ರಸ್ತೆಯಲ್ಲಿತ್ತು, ಮನೆ ಜೋರಾಪುರ ಪೇಟೆಯಲ್ಲಿ. ನಾನಾಗ ವಿಜಯಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹಳೆಯ ಜೀಪೊಂದನ್ನು ಕೊಂಡಿದ್ದೆ. ನಮ್ಮದೊಂದು ಭಾನುವಾರದ ಗುಂಪು. ದ್ರಾಕ್ಷಿ ಬೆಳೆಯುವವರು, ಗುತ್ತಿಗೆದಾರರು, ನನ್ನಂಥ ಒಬ್ಬಿಬ್ಬರು. ಜೀಪುಗಳನ್ನು ಅರಕೇರಿಯ ಆಚೆ ಹಳ್ಳಕ್ಕಿಳಿಸುವುದು, ಇಟ್ಟಂಗಿಹಾಳದ ಕಡೆ ಕಲ್ಲುಗುಡ್ಡ ಹತ್ತಿಸುವುದು. ಎಲ್ಲರ ಗಾಡಿಗಳೂ ಎತ್ತರವಾಗಿದ್ದವು. ನನ್ನದೂ ಆಗಬೇಕಿತ್ತು.

ಸ್ಪ್ರಿಂಗಿನ ಕಮಾನುಪಟ್ಟಿ ಹೆಚ್ಚಿಸಿ ಜೀಪನ್ನು ನಾಲ್ಕು ಇಂಚು ಎತ್ತುವುದು ಯಾರಿಗಾದರೂ ಬರುತ್ತದೆ. ಎತ್ತಿದ ಮೇಲೆ ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಇಳಿಯುವ ಶಾಫ್ಟು ಕಡಿದಾಗುತ್ತದೆ. ಅದರ ಎರಡು ತುದಿಗೂ ಕ್ರಾಸು ಎಂಬ ಕೀಲುಗಳಿವೆ. ಎರಡೂ ಒಂದೇ ಕೋನದಲ್ಲಿ ಬಾಗಿದ್ದರೆ ಒಂದರ ಕುಲುಕನ್ನು ಇನ್ನೊಂದು ತಿಂದುಹಾಕುತ್ತದೆ. ಇಲ್ಲದಿದ್ದರೆ ಗಾಡಿ ನಡುಗುತ್ತದೆ. ಇದನ್ನು ಮಿಸ್ತ್ರಿ ನನಗೆ ಹೇಳಿದ್ದು ಇಷ್ಟೇ ಮಾತಿನಲ್ಲಿ: “ಗಾಡಿ ಎತ್ತಿದ್ರ ಸಾಲಂಗಿಲ್ರಿ ಸರ್ರ, ಅಚ್ಚಿನ ಮೂತೀನೂ ಎತ್ತಬೇಕು.” ಶಾಫ್ಟು ಬಂದು ಕೂಡುವ ಆ ಮೂತಿಯನ್ನು ಎತ್ತಲು ಅಚ್ಚಿಗೂ ಕಮಾನಿಗೂ ನಡುವೆ ಕಬ್ಬಿಣದ ಓರೆ ಬೆಣೆ ಇಡುತ್ತಿದ್ದರು. ಅಳೆಯಲು ಶಾಲೆಯ ಮಕ್ಕಳ ಕೋನಮಾಪಕ. ಅದಕ್ಕೊಂದು ದಾರ, ದಾರದ ತುದಿಗೆ ಒಂದು ನಟ್ಟು. ಅಳತೆಯನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು.

ಅವರ ಕೈಗಳು ನಡುಗುತ್ತಿದ್ದವು. ಯಾವಾಗಿನಿಂದಲೋ ತಿಳಿಯದು… ಕೇಳಲಿಲ್ಲ. ಮಣಿಕಟ್ಟನ್ನು ಮೊಣಕಾಲಿಗೆ ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದರು. ಅಳತೆ ಮಾತ್ರ ಕೂದಲಿನಷ್ಟೂ ತಪ್ಪುತ್ತಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಶಾಫ್ಟು ಎರಡು ತುಂಡು; ಹಲ್ಲುಹಲ್ಲಾಗಿ ಒಂದರೊಳಗೊಂದು ಕೂಡುತ್ತದೆ. ಒಂದು ಹಲ್ಲು ಆಚೀಚೆ ಕೂಡಿದರೂ ಎಲ್ಲ ಕೋನದ ಲೆಕ್ಕ ನೀರುಪಾಲು. ಹಾಗಾಗಿ ಎರಡೂ ತುಂಡಿನ ಮೇಲೆ ಎದುರುಬದುರು ಉಳಿಯಿಂದ ಗುರುತು ಹೊಡೆಯುತ್ತಿದ್ದರು. ಸುತ್ತಿಗೆ ಅವರದು. ಉಳಿಯನ್ನು ಮಾತ್ರ ಗಾಡಿಯ ಮಾಲಕರೇ ಹಿಡಿಯಬೇಕು.

“ನಾಳೆ ನನಗ ಗೊತ್ತಿದ್ದಿಲ್ಲ ಅನ್ನಬಾರದ್ರಿ,” ಎಂದಿದ್ದರು. “ಎರಡೂ ಮಾರಿಗೆ ಮಾರಿ ಇರಬೇಕು. ಮಾರಿ ತಿರುವಿದ್ವು ಅಂದ್ರ ಮನ್ಯಾಗಿನ ಜಗಳ ಇದ್ದಂಗ. ಇಡೀ ಓಣಿಗೆ ಗೊತ್ತಾಗತೈತಿ.”

ಎರಡನೆಯ ಪೆಟ್ಟಿಗೆ ನಾನು ಬೆಚ್ಚಿ ಕೈ ಸರಿಸಿದೆ, ಹೆಬ್ಬೆರಳು ಕೆತ್ತಿತು. ಅವರು ನಕ್ಕರು. “ನಿಮ್ಮ ಕೈ ನಡುಗಿತ್ರಿ ಸರ್ರ.” ಅಲ್ಲಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ಗಾಯದ ಗೆರೆ ಇನ್ನೂ ಇದೆ. ಆ ನಗೆ ನನಗೆ ಅಷ್ಟು ನಾಟಿತ್ತೇ? ಮುಂದೆ ನಾನು ಮಾಡಿದ್ದು ಅದರ ಸೇಡೇ? ಹಾಗೆಂದುಕೊಂಡರೆ ಸ್ವಲ್ಪ ಹಗುರಾಗುತ್ತದೆ. ಆದ್ದರಿಂದಲೇ ಅದನ್ನು ನಂಬುವುದಿಲ್ಲ.

ಕೆಲಸ ಮುಗಿದ ದಿನ, ತಮ್ಮ ರೂಢಿಯಂತೆ, ನೀರು ತುಂಬಿದ ಸ್ಟೀಲಿನ ಗ್ಲಾಸನ್ನು ಎರಡು ಸೀಟುಗಳ ನಡುವೆ ಇಟ್ಟು ನನ್ನನ್ನು ರಸ್ತೆಗೆ ಕರೆದೊಯ್ದರು. ಒಂದು ಹನಿ ಚೆಲ್ಲಲಿಲ್ಲ.

ನೆನಪನ್ನು ನಾನು ನಂಬುವವನಲ್ಲ, ಅದಕ್ಕಾಗಿಯೇ ದಿನಚರಿ ಬರೆಯುತ್ತೇನೆ. ಹೋದ ತಿಂಗಳು ಗುರುತು ಕಂಡ ಮೇಲೆ ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಶಾಫ್ಟನ್ನು ನಾನು ಎಂದೂ ಮುಟ್ಟಿರಲಿಲ್ಲ ಎಂದೇ ನನ್ನ ನೆನಪು. ಒಂದು ಬುಧವಾರದ ಪುಟದಲ್ಲಿ ನನ್ನದೇ ಅಕ್ಷರ: “ಹಳ್ಳದ ಕೆಸರು ತುಂಬಿತ್ತು. ಶಾಫ್ಟ್ ಬಿಚ್ಚಿ ತೊಳೆದು, ಗ್ರೀಸ್ ಹಚ್ಚಿ ಕೂಡಿಸಿದೆ. ಯಾರ ಸಹಾಯವೂ ಇಲ್ಲದೆ.” ಹೆಮ್ಮೆ ಪಟ್ಟು ಬರೆದಿದ್ದೇನೆ.

ಅದರ ಮುಂದಿನ ಭಾನುವಾರವೇ ಅದು ನಡೆದದ್ದು.

ರಸ್ತೆ ಬದಿಯ ಚಹಾದ ಅಂಗಡಿಯ ಮುಂದೆ ಗುಂಪು ಸೇರಿತ್ತು. ನನ್ನ ಜೀಪು ನಲವತ್ತೈದರ ವೇಗಕ್ಕೆ ಬಂದೊಡನೆ ಗಡಗಡ ನಡುಗುತ್ತಿತ್ತು. ತಿಕೋಟಾದ ದ್ರಾಕ್ಷಿ ಬೆಳೆಯುವ ಗೆಳೆಯ ನನ್ನ ಜೊತೆ ಕೂತು ಬಂದು ಇಳಿದವನೇ ಶುರು ಮಾಡಿದ: “ಇದು ಜೀಪೋ, ಜ್ವಾಳಾ ಹಸನ ಮಾಡೋ ಮಷಿನ್ನೋ ಸರ್ರ?” ಇನ್ನೊಬ್ಬ, “ಮಜ್ಜಿಗಿ ಮನ್ಯಾಗ ಕಡಿಯೂದ ಬ್ಯಾಡ್ರಪಾ, ಸರ್ರ ಗಾಡ್ಯಾಗ ಇಟ್ಟಬಿಡೂಣ,” ಎಂದ. ಎಲ್ಲರೂ ನಗುತ್ತಿದ್ದರು. ನಾನು ಮಿಸ್ತ್ರಿಗೆ ಫೋನು ಮಾಡಿದೆ. ರಜೆಯ ದಿನ, ಸುಡುವ ಬಿಸಿಲು. ಅರ್ಧ ತಾಸಿನಲ್ಲಿ ತಮ್ಮ ಹಳೆಯ ಮೊಪೆಡ್ಡಿನಲ್ಲಿ ಬಂದರು.

ಕೆಳಗೆ ನುಸುಳುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಶಾಫ್ಟ ಯಾರರ ಬಿಚ್ಚಿದ್ರೇನ್ರಿ?”

“ಇಲ್ಲ,” ಎಂದೆ.

ಅವರು ಕಾದ ಮಣ್ಣಿನ ಮೇಲೆ ಅಂಗಾತ ಮಲಗಿ ಒಳಗೆ ಸರಿದರು. ಶಾಫ್ಟಿನ ಮೇಲೆ ನಾನು ಮೆತ್ತಿದ ಗ್ರೀಸು, ಅದರ ಮೇಲೆ ಧೂಳು. ಕೆಳಗಿನಿಂದ ಕೈ ಹೊರಗೆ ಚಾಚಿದರು. “ಒಂದ ಅರಿವಿ ಕೊಡ್ರಿ ಸರ್ರ. ಗುರುತ ನೋಡ್ತೇನಿ.”

ಅರಿವೆ ನನ್ನ ಕೈಯಲ್ಲೇ ಇತ್ತು. ಚಾಚಿದ ಕೈ ಎಲ್ಲರ ಮುಂದೆ ನಡುಗುತ್ತಿತ್ತು. ಕೊಡಲಿಲ್ಲ. ನನಗಿಂತ ಹಿರಿಯರನ್ನು ಅಂದು ಮೊದಲ ಬಾರಿ ‘ನೀನು’ ಎಂದೆ.

“ನಡುಗೂದು ಗಾಡಿ ಅಲ್ಲೋ ಮಿಸ್ತ್ರಿ, ನಿನ್ನ ಕೈ. ಇಂಥಾ ಕೈಲೆ ಮಾಡಿದ ಗಾಡಿ ಮತ್ತ ಹೆಂಗಿರತೈತಿ? ಹೊರಗ ಬಾ.”

ನಗೆ ಎದ್ದಿತು. ಆ ಕ್ಷಣದವರೆಗೆ ಅದು ನನ್ನ ಮೇಲಿತ್ತು, ಈಗ ಅವರ ಮೇಲೆ ಹೋಯಿತು. “ಥರಥರಿ ಮಿಸ್ತ್ರಿ!” ಎಂದು ಯಾರೋ ಅಂದರು. ಯಾರೋ… ಹೀಗೆ ಬರೆಯುವುದು ಸುಲಭ. ಅದೂ ನಾನೇ ಇರಬಹುದು. ಅಂದಿನ ಪುಟದಲ್ಲಿರುವುದು ಎರಡೇ ಸಾಲು: “ಮಿಸ್ತ್ರಿ ಬಂದಿದ್ದ. ಒಳ್ಳೆ ಮಜಾ ಬಂತು.”

ಅವರು ಹೊರಗೆ ಬಂದು ಬೆನ್ನಿನ ಮಣ್ಣನ್ನೂ ಕೊಡವಿಕೊಳ್ಳದೆ ನಿಂತರು. ಜಗಳವಾಡಲಿಲ್ಲ. “ಹಂಗಾರ ನನ್ನ ಕೋನ ತಪ್ಪೈತ್ರಿ,” ಎಂದರು, ನನಗಲ್ಲ, ತಮಗೇ ಹೇಳಿಕೊಂಡಂತೆ. ಗಾಡಿ ಬಿಟ್ಟುಹೋಗಿ, ಮತ್ತೆ ಅಳೆಯುತ್ತೇನೆ ಎಂದರು. ನಾನು ಬಿಡಲಿಲ್ಲ.

ಬೇರೆ ಮಿಸ್ತ್ರಿಗೂ ತೋರಿಸಲಿಲ್ಲ. ಯಾಕೆ? ಯಾರೇ ಆದರೂ ಒಂದು ಸಲ ಒರೆಸಿದರೆ ಗುರುತು ಕಾಣುತ್ತಿತ್ತು. ಗೊತ್ತಿರಲಿಲ್ಲ, ಮರೆತಿದ್ದೆ ಎಂಬ ನನ್ನ ವಾದ ಇಲ್ಲಿ ಬಿದ್ದುಹೋಗುತ್ತದೆ. ಜೀಪನ್ನು ಹೊಲದ ಶೆಡ್ಡಿಗೆ ತಳ್ಳಿ ಮೇಲೆ ತಾಡಪತ್ರಿ ಹೊದಿಸಿದೆ.

ಆಮೇಲಿನದನ್ನು ನಾನು ಚಹಾದ ಅಂಗಡಿಯಲ್ಲೇ ಕೇಳಿ ತಿಳಿದೆ. ತಮ್ಮ ಲೆಕ್ಕವೇ ತಪ್ಪಿದೆ ಎಂದು ಅವರು ನಂಬಿಬಿಟ್ಟರು. ಅದೇ ಲೆಕ್ಕದಲ್ಲಿ ಎತ್ತಿಕೊಟ್ಟಿದ್ದ ಗಾಡಿಗಳ ಮಾಲಕರಿಗೆಲ್ಲ ತಾವೇ ಫೋನು ಮಾಡಿ, ತಪ್ಪಾಗಿದೆ, ಗಾಡಿ ತನ್ನಿ ಎಂದು ಕರೆಸಿದರು. ಸರಿಯಾಗಿದ್ದ ಬೆಣೆಗಳನ್ನು ಕಿತ್ತು ಬೇರೆ ಕೂಡಿಸಿದರು. ಅಲ್ಲಿಯವರೆಗೆ ನಡುಗದ ಗಾಡಿಗಳು ನಡುಗತೊಡಗಿದವು. ಮತ್ತೆ ಬಿಚ್ಚಿದರು, ಮತ್ತೆ ಕೂಡಿಸಿದರು… ಗೋಡೆಯ ಮೇಲೆ ಅಳತೆಯ ಮೇಲೆ ಅಳತೆ. ಇದನ್ನು ಹೇಳಿದವರೂ ನಕ್ಕರು, ಕೇಳಿದ ನಾನೂ ನಕ್ಕೆ. ವರ್ಷ ತುಂಬುವುದರೊಳಗೆ ಅವರ ಶೆಡ್ಡು ಮುಚ್ಚಿತು.

ಅವರು ಮತ್ತೆ ಕಂಡದ್ದು ಒಂದೇ ಸಲ, ಬಬಲೇಶ್ವರದಲ್ಲಿ. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವಲ್ಲಿ ತಗಡಿನ ತುಕ್ಕು ಉಜ್ಜುತ್ತಿದ್ದರು. ನನ್ನನ್ನು ನೋಡಿ ಎದ್ದು ಬಂದರು. “ಗಾಡಿ ಐತೇನ್ರಿ ಸರ್ರ ಇನ್ನಾ? ಒಮ್ಮಿ ಕೆಳಗ ಮಲಗಿ ನೋಡ್ತೇನ್ರಿ, ಮತ್ತೇನ ಬ್ಯಾಡ.”

“ಮಾರಿಬಿಟ್ಟೆ,” ಎಂದೆ.

ಹೋದ ತಿಂಗಳು ಗುರುತು ಕಂಡ ದಿನವೇ ಶಾಫ್ಟು ಬಿಚ್ಚಿ ಎರಡನ್ನೂ ಎದುರುಬದುರು ತಂದು ಕೂಡಿಸಿದೆ. ಅಷ್ಟೇ ಕೆಲಸ, ಒಂದು ಹಲ್ಲು. ಹೊಸ ಬ್ಯಾಟರಿ ಹಾಕಿಸಿ ವಿಜಯಪುರಕ್ಕೆ ಓಡಿಸಿಕೊಂಡು ಹೋದೆ. ನಡುಕ ಇರಲಿಲ್ಲ. ಜೋರಾಪುರ ಪೇಟೆಯಲ್ಲಿ ವಿಚಾರಿಸಿ ಅವರ ಮನೆ ಕಂಡುಹಿಡಿದೆ. ಅವರ ಹೆಂಡತಿ ಹೊಸ್ತಿಲಲ್ಲಿ ನಿಂತು ಕೇಳಿದರು.

“ಕಾಲೇಜ ಸರ್ರು ಅಲ್ಲೇನ್ರಿ ನೀವು? ಶಾಫ್ಟ ಬಿಚ್ಚಿಲ್ಲ ಅಂದವರು?”

“ಬಿಚ್ಚಿದ್ದೆ ಅವ್ವಾರ,” ಎಂದೆ. ಉಳಿದದ್ದನ್ನೂ ಹೇಳಿದೆ.

ಎಲ್ಲ ಕೇಳಿದ ಮೇಲೆ ಅವರು ಹೇಳಿದರು: “ಹಾಸಿಗಿ ಹಿಡದಾಗೂ ಅದ ಮಾತ್ರಿ. ಎಲ್ಲಿ ತಪ್ಪಿತು, ಎಲ್ಲಿ ತಪ್ಪಿತು ಅಂತ. ಸರ್ರು ಬಿಚ್ಚಿರಬೇಕು ಅಂತ ನಾ ಅಂದ್ರ ನನಗ ಬೈತಿದ್ರು. ಕಲಿತ ಮಂದಿ, ಸುಳ್ಳ್ಯಾಕ ಹೇಳ್ತಾರ ಅಂತಿದ್ರು.”

ಒಳಗೆ ಹೋಗಿ ಸ್ಟೀಲಿನ ಗ್ಲಾಸಿನಲ್ಲಿ ನೀರು ತಂದರು. ನನಗೆ ಕುಡಿಯಲು ಎಂದುಕೊಂಡು ಕೈ ಚಾಚಿದೆ. ಕೊಡಲಿಲ್ಲ. ನೇರ ಹೋಗಿ ಜೀಪಿನಲ್ಲಿ ಕೂತು ಗ್ಲಾಸನ್ನು ಎರಡು ಸೀಟುಗಳ ನಡುವೆ ಇಟ್ಟರು. “ನಡೀರಿ. ನಲವತ್ತೈದಕ್ಕ ಒಯ್ಯಿರಿ.”

ಪೇಟೆ ದಾಟಿ, ಊರು ದಾಟಿ, ಇಟ್ಟಂಗಿಹಾಳದ ಕಡೆಯ ರಸ್ತೆಗೆ ಬಂದೆ. ಮುಳ್ಳು ನಲವತ್ತೈದರಲ್ಲಿ ನಿಂತಿತು. ನೀರಿನ ಮೇಲೆ ಸಣ್ಣ ಉಂಗುರಗಳು ಎದ್ದವು, ಅಷ್ಟೆ. ಅವರು ರಸ್ತೆಯನ್ನು ನೋಡಲೇ ಇಲ್ಲ, ಗ್ಲಾಸನ್ನೇ ನೋಡುತ್ತಿದ್ದರು.

“ನಿಲ್ಲಸ್ರಿ,” ಎಂದರು.

ಇಳಿದು, ನೀರನ್ನು ರಸ್ತೆ ಬದಿಗೆ ಚೆಲ್ಲಿ, ಗ್ಲಾಸನ್ನು ಸೆರಗಿನಿಂದ ಒರೆಸಿಕೊಂಡರು. “ಒಮ್ಮಿ ಅವರನ್ನ ಕುಂದರಸಿದ್ರ ಆಗತಿತ್ತಲ್ರಿ,” ಎಂದರು. ಬಿಸಿಲಿದೆ, ಮನೆಗೆ ಬಿಡುತ್ತೇನೆ ಎಂದೆ. “ನಡೀತೇನ್ರಿ,” ಎಂದು ಊರಿನ ಕಡೆ ತಿರುಗಿದರು. ಮನೆ ನಾಲ್ಕು ಮೈಲಿಗೆ ಕಡಿಮೆ ಇರಲಿಲ್ಲ. ಕನ್ನಡಿಯಲ್ಲಿ ಕಾಣುವಷ್ಟು ಹೊತ್ತು ನೋಡುತ್ತ ಕೂತಿದ್ದೆ.

ಮೊನ್ನೆ ಭಾನುವಾರ ಅದೇ ಚಹಾದ ಅಂಗಡಿಗೆ ಹೋದೆ. ಗುಂಪು ಈಗ ಸಣ್ಣದಾಗಿದೆ, ಆದರೂ ಅಂದು ನಕ್ಕವರಲ್ಲಿ ನಾಲ್ಕು ಜನ ಇದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬುಧವಾರದ ಪುಟ, ಕೊಡದ ಅರಿವೆ, ಒಂದು ಹಲ್ಲು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು ಎರಡು ಸಲ ಹೇಳಿದೆ. ಯಾರೂ ನಗಲಿಲ್ಲ. ದ್ರಾಕ್ಷಿ ಗೆಳೆಯ ಕಪ್ಪು ಕೆಳಗಿಟ್ಟು ನಿಟ್ಟುಸಿರು ಬಿಟ್ಟ. ಅವನಿಗೆ ನಿಜವಾಗಿಯೂ ಮರುಕವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು.

“ಪಾಪ,” ಎಂದ. “ಛಲೋ ಮನಷಾ ಇದ್ದ ನೋಡ್ರಿ ಥರಥರಿ ಮಿಸ್ತ್ರಿ.”