ಗುಂಡಮ್ಮನ ಪಾಲಿನ ಮರಳು

ಲಿಂಗಂಪಲ್ಲಿ ನಿಲ್ದಾಣದಿಂದ ಮೊದಲ ಲೋಕಲ್ ರೈಲು ಹೊರಡುವ ಹೊತ್ತಿಗೆ ಶರಣಬಸಮ್ಮ ಮರಳು ಹೊರಲು ಶುರುಮಾಡಿರುತ್ತಾರೆ. ಏಳುತ್ತಿರುವ ಕಟ್ಟಡದ ಮೇಲ್ಮಹಡಿಗೆ ತಮ್ಮ ಪಾಲಿನ ಬುಟ್ಟಿ ಹೊತ್ತು ಮುಗಿಸಿ, ಗೆಳತಿ ಗುಂಡಮ್ಮನ ಪಾಲಿಗೂ ಕೈಹಾಕುತ್ತಾರೆ. ಕೆಳಗೆ ಗುಂಡಮ್ಮ ಸಿಡಿಯುವ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಸರಳುಗಳಿಗೆ ತಂತಿ ಸುತ್ತುತ್ತಿದ್ದಾರೆ. ಬೆಳಗ್ಗೆಯೇ ವಾಂತಿಯಾಗಿದೆ.

ಯಾದಗಿರಿ ಕಡೆಯಿಂದ ಈ ನಗರಕ್ಕೆ ಕೂಲಿಗೆ ಬಂದ ಹೆಂಗಸರಲ್ಲೊಂದು ರೂಢಿ. ಬೆಳಗಿನ ಚಹಾದ ಜೊತೆ ಸೆರಗಿನ ಗಂಟು ಬಿಚ್ಚಿ, ಎಲೆ-ಅಡಿಕೆ ಕೊಟ್ಟಂತೆ ನೋವಿನ ಗುಳಿಗೆ ಹಂಚುತ್ತಾರೆ. ಬೇಡವೆಂದರೆ ಕೊಟ್ಟವರ ಮುಖ ಸಪ್ಪಗಾಗುತ್ತದೆ. ತಲೆಹೊರೆಗೆ ತಲೆ ಸಿಡಿಯುತ್ತಿದ್ದ ಶರಣಬಸಮ್ಮನಿಗೆ ಮೊದಲ ಗುಳಿಗೆ ಕೊಟ್ಟವರು ಗುಂಡಮ್ಮ. "ಭಾಳ ಅಂತಃಕರಣದಿಂದ ಕೊಟ್ಟಳ್ರಿ. ಹ್ಯಾಂಗ ಬ್ಯಾಡ ಅನ್ನಲಿ?" ಎಂದು ಶರಣಬಸಮ್ಮ ಕೇಳುತ್ತಾರೆ.

ಬರಬರುತ್ತ ಗುಳಿಗೆಯೂ ತಪ್ಪಲಿಲ್ಲ, ನೋವೂ ತಪ್ಪಲಿಲ್ಲ. ದವಾಖಾನೆಗೆ ಹೋದಾಗ, ಇದೇ ನಗರದ ಕುಷಾಯಿಗೂಡದ ಕನ್ನಡ ಮನೆಯಲ್ಲಿ ಬೆಳೆದ ಸರ್ಕಾರಿ ವೈದ್ಯೆ ಅಪೂರ್ವ ಬಿಡಿಸಿ ಹೇಳಿದರು. ಆ ಗುಳಿಗೆ ಅಫೀಮಿನ ಜಾತಿಯದು. ನೋವು ತಗ್ಗಿಸುವ ಅಂಥದೇ ವಸ್ತುವನ್ನು ನಮ್ಮ ಮೈಯೂ ತಯಾರಿಸುತ್ತದೆ. ಹೊರಗಿನದು ದಿನವೂ ಬಂದರೆ ಮೈಯ ಆ ಏರ್ಪಾಡು ಮಂಕಾಗಿ, ಕೊನೆಗೆ ಗುಳಿಗೆಯೇ ತಲೆನೋವನ್ನು ಸಾಕುತ್ತದೆ. ಒಮ್ಮೆಲೇ ಬಿಡಬೇಡಿ, ನಾನು ಹೇಳಿದಂತೆ ಇಳಿಸುತ್ತ ಬನ್ನಿ, ಮೊದಮೊದಲು ನೋವು ಏರುತ್ತದೆ ಎಂದೂ ಎಚ್ಚರಿಸಿದರು.

ಏರಿತು, ಜೀವ ಹಿಂಡಿತು. ಆಗ ಕೂಲಿ ತಪ್ಪದಂತೆ ಶರಣಬಸಮ್ಮನ ಮರಳನ್ನೂ ಹೊತ್ತವರು ಇದೇ ಗುಂಡಮ್ಮ, ತಾವು ಗುಳಿಗೆ ನುಂಗುತ್ತಲೇ! ಇಂಥ ಜೀವಕ್ಕೆ ಕೈಮುಗಿಯಬೇಕು. "ನಾ ಉಳದಿದ್ದು ಅಕಿಯಿಂದ್ರಿ. ಆಮ್ಯಾಲೂ ದಿನಾ ಗುಳಿಗಿ ಕೊಡಾಕಿ. ಅಕಿ ಮನಸ್ಸು ನೋಯಬಾರದಂತ ಇಸ್ಗೊಂಡು ಸೆರಗಿಗೆ ಕಟ್ಕೊಳ್ತಿದ್ದೆ. ನುಂಗ್ತಿರಲಿಲ್ಲ."

ನೋವು ಅಪರೂಪವಾದ ಮೇಲೆ ಒಂದು ಬೆಳಗ್ಗೆ ಆ ಗುಳಿಗೆಗಳನ್ನೆಲ್ಲ ಗುಂಡಮ್ಮನ ಕೈಗೇ ಸುರಿದರು. "ಇವಿಲ್ದ ನಾ ಬದುಕೀನಿ, ನೀನೂ ಬದುಕ್ತಿ" ಎಂದರು. ಗುಂಡಮ್ಮ ಮುನಿಸಿಕೊಂಡು ಮಾತು ಬಿಟ್ಟರು. ಹೋದ ತಿಂಗಳು ತಾವಾಗಿ ಬಂದು, "ದವಾಖಾನಿಗೆ ಕರ್ಕೊಂಡು ನಡಿ" ಎಂದರಂತೆ. ಹೇಳುವಾಗ ಶರಣಬಸಮ್ಮನ ಕಣ್ಣು ತುಂಬುತ್ತದೆ.

ಈಗ ಗುಳಿಗೆ ಇಳಿಸುವ ಸರದಿ ಗುಂಡಮ್ಮನದು. ಬಿಸಿಲೇರಿದಂತೆ ಅವರ ಕೈಯಿಂದ ತಂತಿ ಜಾರುತ್ತದೆ. "ಶರಣಿ, ತಡಿಲಾಕ ಆಗವಲ್ದು. ಒಂದಾದ್ರೂ ಗುಳಿಗಿ ಹುಡುಕಿ ಕೊಡ" ಎಂದು ಅಂಗಲಾಚುತ್ತಾರೆ.

ಶರಣಬಸಮ್ಮ ಬುಟ್ಟಿ ಇಳಿಸಿ, ಗೆಳತಿಯ ಹಣೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿಯುತ್ತಾರೆ.

"ಮರಳು ಎಷ್ಟರ ಇರಲಿ, ನಾ ಹೊರ್ತೀನಿ. ಈ ತಲಿ ಒಂದು ನೀನ ಹೊರಬೇಕವ್ವ."